ಗಿಡ್ಡಮ್ಮನ ಲೋಟ

ನೇತ್ರಾವತಿ ಕೂತು ಉಂಡಿದ್ದನ್ನು ಕಂಡವರು ತ್ಯಾವಣಿಗೆಯಲ್ಲಿ ಕಡಿಮೆ. ಒಲೆಯ ಪಕ್ಕದ ಕಟ್ಟೆಗೆ ಸೊಂಟ ಆನಿಸಿ, ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಒಂದು ಕಾಲನ್ನು ಬಾಗಿಲ ಕಡೆಗೇ ಇಟ್ಟುಕೊಂಡು ಉಣ್ಣುವುದು ಅವಳ ರೂಢಿ. ಅತ್ತೆ ಬದುಕಿದ್ದಾಗ ಒಮ್ಮೆ ಮಗಳು ದುರ್ಗಾಂಬಿಕಾ ದಾವಣಗೆರೆಯ ನರ್ಸಿಂಗ್ ಹಾಸ್ಟೆಲಿನಿಂದ ರಜೆಗೆ ಬಂದವಳು ಇದನ್ನು ನೋಡಿ, "ಅಮ್ಮಾ, ಬಸ್ ಸ್ಟ್ಯಾಂಡಿನಾಗೆ ನಿಂತು ತಿಂದಂಗೆ ತಿಂತೀಯಲ್ಲ, ಯಾವ ಬಸ್ ಹತ್ತಬೇಕು ನೀನು?" ಎಂದು ರೇಗಿಸಿದ್ದಳು.

"ನಿಮ್ಮಜ್ಜಿ ಬಸ್ಸು. ಯಾವಾಗ ಹಾರನ್ ಹೊಡೀತೈತೋ ಗೊತ್ತಾಗಲ್ಲ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಒಳಗಿನ ಕೋಣೆಯಿಂದ ಟಣ್, ಟಣ್ ಎಂದು ಸದ್ದು ಬಂತು. ನೇತ್ರಾವತಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, "ಬಂದೆ ಅತ್ತೇ" ಎನ್ನುತ್ತಾ ಹೋದಳು. ಅವಳು ತಿರುಗಿ ಬರುವ ಹೊತ್ತಿಗೆ ರೊಟ್ಟಿ ತಣ್ಣಗಾಗಿ ಬಿರುಸಾಗಿತ್ತು.

ಅತ್ತೆ ಗಿಡ್ಡಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ಎಡಗೈ ಮತ್ತು ಒಂದು ಸ್ಟೀಲ್ ಲೋಟ. ಲೋಟ ಕೆಳಗೆ ಬಿದ್ದು ಉರುಳಿ ಹೋಗದಿರಲೆಂದು ನೇತ್ರಾವತಿಯೇ ಅದಕ್ಕೆ ದಾರ ಕಟ್ಟಿ ಕಬ್ಬಿಣದ ಮಂಚದ ಸರಳಿಗೆ ಬಿಗಿದಿದ್ದಳು. ಅತ್ತೆ ಸೊಸೆಯ ನಡುವೆ ಯಾರೂ ಕಲಿಸದ ಒಂದು ಭಾಷೆ ತಾನಾಗಿಯೇ ಬೆಳೆಯಿತು. ಎರಡು ಸಲ ಕುಟ್ಟಿದರೆ ಬಾ ಎಂದು. ಮೂರು ಸಲವಾದರೆ ಮಗ್ಗುಲು ಬದಲಿಸು. ಬಿಡದೆ ಕುಟ್ಟಿದರೆ ಸಿಟ್ಟು ಬಂದಿದೆ, ಇಲ್ಲವೇ ಬಂದ ನೆಂಟರು ತನ್ನನ್ನು ಮಾತಾಡಿಸದೆ ಹೊರಟಿದ್ದಾರೆ. ಒಂದೇ ಸಲ ಕುಟ್ಟಿದರೆ, ಆಗಲಿ, ಸಾಕು, ನಿನ್ನ ಕೆಲಸ ನೋಡು ಹೋಗು. ಈ ಒಂಟಿ ಪೆಟ್ಟು ಬಹಳ ಅಪರೂಪ.

ಗಂಡ ರಂಗನಾಥ ನಾಲ್ಕು ಚಕ್ರದ ಗೂಡ್ಸ್ ಗಾಡಿ ಓಡಿಸುತ್ತಾನೆ. "ನಮ್ಮವ್ವ ಜಡ್ಜ್ ಆಗಬೇಕಿತ್ತು ಕಣೆ. ಹೆಂಗೆ ಕುಟ್ತಾಳೆ ನೋಡು" ಎಂದು ನಗುತ್ತಿದ್ದ. ನಗುವುದು ಅವನಿಗೆ ಸುಲಭ, ಹಗಲೆಲ್ಲ ಅವನು ರಸ್ತೆಯ ಮೇಲಿರುತ್ತಿದ್ದ. ಮನೆಯಲ್ಲಿದ್ದವಳು ನೇತ್ರಾವತಿ. ಸಂತೇಬೆನ್ನೂರಿನ ಒಂದು ಖಾನಾವಳಿಗೆ ಅವಳು ಜೋಳದ ರೊಟ್ಟಿ ಬಡಿದು ಕಳಿಸುತ್ತಾಳೆ. ಜಗಳೂರು ಕಡೆಯ ಹೆಣ್ಣು. ಆ ಸೀಮೆಯ ಹೆಣ್ಣುಮಕ್ಕಳ ಕೈಗೆ ಜೋಳದ ಹಿಟ್ಟು ಹೇಳಿದ ಹಾಗೆ ಕೇಳುತ್ತದೆ ಎಂದು ಇಲ್ಲಿಯವರೂ ಒಪ್ಪುತ್ತಾರೆ. ಹಿಟ್ಟು ಬಡಿಯುವ ಸದ್ದಿನಲ್ಲಿ ಬೀದಿಯಲ್ಲಿ ಟ್ರ್ಯಾಕ್ಟರ್ ಹೋದರೂ ಅವಳಿಗೆ ಕೇಳಿಸದು. ಲೋಟದ ಸದ್ದು ಮಾತ್ರ ಕೇಳಿಸುತ್ತಿತ್ತು. ಮಂಚ ಹಿಡಿದ ಎರಡು ವರ್ಷವೂ ಅತ್ತೆ ಕುಟ್ಟಿದಾಗ ಅವಳು ಹೋಗದೆ ಇದ್ದದ್ದಿಲ್ಲ. ಇದನ್ನು ಊರೇ ಹೇಳುತ್ತದೆ.

ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಗಿಡ್ಡಮ್ಮ ತೀರಿಕೊಂಡಳು. ರಂಗನಾಥನ ದೊಡ್ಡಪ್ಪ ಹಾಲೇಶಪ್ಪ ಪಂಚಾಂಗ ಕೇಳಿಸಿಕೊಂಡು ಬಂದು, "ಧನಿಷ್ಠಾ ನಕ್ಷತ್ರ. ಆರು ತಿಂಗಳು ಮನೆ ಬಿಡಬೇಕು" ಎಂದ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆಯವರು ಬಾಗಿಲಿಗೆ ಬೀಗ ಹಾಕಿ, ಅದರ ಮೇಲೆ ಜಾಲಿ ಮುಳ್ಳಿನ ಕೊಂಬೆ ಅಡ್ಡ ಕಟ್ಟಿ, ಬೇರೆ ಕಡೆ ಹೋಗಿ ಇರುವುದು ಈ ಭಾಗದ ಪದ್ಧತಿ. ಮುಳ್ಳು ಕಟ್ಟಿದ ಮೇಲೆ ಬೀದಿಯ ಕೊನೆ ಮುಟ್ಟುವವರೆಗೆ ಯಾರೂ ಹಿಂತಿರುಗಿ ನೋಡಬಾರದು, ಮಾತಾಡಬಾರದು. ಹಿಂದಿನಿಂದ ಯಾರು ಕರೆದಂತಾದರೂ ಓಗೊಡಬಾರದು.

ಗಿಡ್ಡಮ್ಮ ಮಲಗಿದ್ದ ಮಂಚವನ್ನು ಮೊದಲೇ ಸಾಗಿಸಿದ್ದರು. ಹಾಸಿಗೆ ಸುಟ್ಟಿದ್ದರು. ಲೋಟವನ್ನು ರಂಗನಾಥ ಬಾಡಿಗೆಗೆ ಹೋದಾಗ ಸೂಳೆಕೆರೆಯ ನೀರಿಗೆ ಎಸೆದು ಬಂದಿದ್ದ. ಬಾಗಿಲು ಎಳೆಯುವ ಹೊತ್ತಿಗೆ ಆ ಕೋಣೆಯಲ್ಲಿ ಇದ್ದದ್ದು ಗೋಡೆ ಮತ್ತು ನೆಲ.

ನೇತ್ರಾವತಿ ರೊಟ್ಟಿಯ ಹೆಂಚನ್ನು ಹಳೆ ಸೀರೆಯಲ್ಲಿ ಸುತ್ತಿ ಸೊಂಟದ ಮೇಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು. ಹಾಲೇಶಪ್ಪ ಮುಳ್ಳಿಗೆ ಕೊನೆಯ ಗಂಟು ಬಿಗಿದ. ಎಲ್ಲರೂ ಬೆನ್ನು ತಿರುಗಿಸಿದರು. ಆಗ ಮುಚ್ಚಿದ ಮನೆಯೊಳಗಿನಿಂದ ಎರಡು ಸಲ ಟಣ್, ಟಣ್ ಎಂದಿತು.

"ಬಂದೆ ಅತ್ತೇ" ಎಂದಳು ನೇತ್ರಾವತಿ.

ಅದು ಅವಳ ಬಾಯಿ ಆಡಿದ ಮಾತು, ಅವಳು ಆಡಿದ್ದಲ್ಲ ಎಂದು ರಂಗನಾಥ ಆಮೇಲೆ ಎಷ್ಟೋ ಜನಕ್ಕೆ ಹೇಳಿ ನೋಡಿದ. ಆ ಹೊತ್ತಿನಲ್ಲಿ ಯಾರೂ ಏನೂ ಹೇಳುವಂತಿರಲಿಲ್ಲ, ಬೀದಿಯ ಕೊನೆ ಇನ್ನೂ ದೂರವಿತ್ತು. ಮುಂದೆ ಹೋಗುತ್ತಿದ್ದ ಹಾಲೇಶಪ್ಪನ ಕತ್ತು ಗಟ್ಟಿಯಾದದ್ದು, ದುರ್ಗಾಂಬಿಕಾ ಅಮ್ಮನ ಸೆರಗು ಹಿಡಿದುಕೊಂಡದ್ದು, ಅಷ್ಟೇ. ಸದ್ದು ಕೇಳಿಸಿದ್ದು ನೇತ್ರಾವತಿ ಒಬ್ಬಳಿಗೆ. ಅವಳ ಉತ್ತರ ಎಲ್ಲರಿಗೂ ಕೇಳಿಸಿತ್ತು.

ಬೀದಿಯ ಕೊನೆಯಲ್ಲಿ ಹಾಲೇಶಪ್ಪ ತಿರುಗಿ ನಿಂತ. "ಏನವ್ವಾ ಅಂದೆ ನೀನು?"

"ಅಭ್ಯಾಸ, ಮಾವ."

"ಬಂದೆ ಅಂತ ಮಾತು ಕೊಟ್ಟು ಬಂದೀಯಲ್ಲೇ ತಾಯಿ. ಇನ್ನು ಅಕಿ ಕಾಯ್ಕಂಡು ಕೂತಿರ್ತಾಳೆ. ಇಲ್ಲಾ, ಯಾಕೆ ಬರಲಿಲ್ಲ ಅಂತ ಕೇಳಾಕೆ ಹಿಂದೇ ಬರ್ತಾಳೆ."

ಅವರು ಹೋಗಿ ಇಳಿದದ್ದು ಅದೇ ಊರಿನ ಇನ್ನೊಂದು ಓಣಿಯಲ್ಲಿ, ಅಂಜಮ್ಮನ ಮನೆಯ ಅರ್ಧ ಭಾಗದಲ್ಲಿ. ಮೊದಲ ಕೆಲವು ದಿನ ಏನೂ ಆಗಲಿಲ್ಲ. ನೇತ್ರಾವತಿ ನಿರಾಳವಾಗಿ ಉಸಿರು ಬಿಟ್ಟು, ಒಂದು ಮಧ್ಯಾಹ್ನ ನೆಲದ ಮೇಲೆ ಕಾಲು ಚಾಚಿ ತಟ್ಟೆ ಮುಂದಿಟ್ಟುಕೊಂಡಳು. ಮೊದಲ ತುತ್ತು ಎತ್ತಿದಳು. ಗೋಡೆಯಾಚೆಯಿಂದ ಟಣ್, ಟಣ್.

ಅವಳು ಎದ್ದು ನೋಡಿದಳು. ಗೋಡೆಯಾಚೆ ಅಂಜಮ್ಮನ ಮೆಕ್ಕೆಜೋಳದ ಚೀಲಗಳಿದ್ದವು.

ಅಂದಿನಿಂದ ಅದು ತಪ್ಪಲಿಲ್ಲ. ತುತ್ತು ಎತ್ತಿದಾಗ, ಹೆಂಚಿಗೆ ರೊಟ್ಟಿ ಹಾಕಿ ನೀರು ಸವರಿದಾಗ, ತಲೆಗೆ ನೀರು ಹುಯ್ದುಕೊಳ್ಳಲು ಚೊಂಬು ಎತ್ತಿದಾಗ. ಓಗೊಟ್ಟದ್ದರಿಂದಲೇ ಇದೆಲ್ಲ ಆಯಿತೆಂದು ತಿಳಿದಿದ್ದ ಅವಳು ಈಗ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು. ಮೈ ಮಾತ್ರ ಎದ್ದುಬಿಡುತ್ತಿತ್ತು. ಅವಳು ಎದ್ದು ನಿಂತಿರುವಾಗ ಹೆಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಖಾನಾವಳಿಯ ಮಲ್ಲಿಕಾರ್ಜುನಪ್ಪ ರಂಗನಾಥನ ಕೈಯಲ್ಲಿ ಹೇಳಿ ಕಳಿಸಿದ: "ರೊಟ್ಟಿ ಮೇಲೆ ನಕಾಶೆ ಬರೆದು ಕಳಿಸಬ್ಯಾಡ ಅನ್ನಪ್ಪಾ. ಗಿರಾಕಿಗಳು ಇದ್ಯಾವ ತಾಲೂಕು ಅಂತ ಕೇಳ್ತಾರೆ."

ಅಂಜಮ್ಮ ತನ್ನ ಭಾಗದ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿದಳು. ಸಿಗಿಸುತ್ತಲೇ ನೇತ್ರಾವತಿಗೆ ಕೇಳುವಂತೆ, "ನಾನು ಬಾಡಿಗೆ ಕೊಟ್ಟಿದ್ದು ಗಂಡ ಹೆಂಡ್ತಿಗೆ. ಮೂರನೇ ಆಳು ಇದ್ರೆ ಮುಂಚೇನೇ ಹೇಳಬೇಕಪ್ಪಾ" ಎಂದಳು. ನಗುತ್ತಲೇ ಹೇಳಿದಳು. ಸೊಪ್ಪು ಬಾಡಿದಾಗಲೆಲ್ಲ ತಪ್ಪದೆ ಹೊಸದು ಸಿಗಿಸಿದಳು.

ರಂಗನಾಥ ತಾಯಿತ ಕಟ್ಟಿಸಿದ. ದಾವಣಗೆರೆಗೆ ಕರೆದುಕೊಂಡು ಹೋಗಿ ಕಿವಿ ತೋರಿಸಿದ. ಕಿವಿ ಚೆನ್ನಾಗಿದೆ ಎಂದರು. ಅವಳ ಕುಪ್ಪಸ ಭುಜದಲ್ಲಿ ಸಡಿಲಾಗುತ್ತಾ ಬಂತು. ಕೊನೆಗೆ ದುರ್ಗಾಂಬಿಕಾ, "ಅಮ್ಮಾ, ಫೋನಿನಾಗೇ ಮಾತಾಡಿ ನೋಡೋ ಮೇಡಂ ಒಬ್ರು ಅದಾರೆ. ನಮ್ಮ ಕಾಲೇಜಿನ ಹುಡುಗೀರು ಮಾತಾಡ್ತಾರೆ. ಹುಚ್ಚಿಗಲ್ಲ, ದಿನಾ ಬದುಕಾಕೆ ಕಷ್ಟ ಆದೋರಿಗೆ" ಎಂದಳು. ಮೈಸೂರಿನಲ್ಲಿ ಕೂತು ಫೋನಿನಲ್ಲೇ ಆಪ್ತಸಮಾಲೋಚನೆ ಮಾಡುವ ಕಲ್ಪನಾ ಎಂಬ ಹುಡುಗಿ. ಗುರುವಾರ ಮಧ್ಯಾಹ್ನದ ಹೊತ್ತು ಗೊತ್ತಾಯಿತು.

ಒಂದು ಗಂಟೆ ಯಾರ ಕಿವಿಗೂ ಬೀಳದೆ ಮಾತಾಡುವ ಜಾಗ ಹೆಂಗಸಿಗೆ ಊರಲ್ಲಿ ಎಲ್ಲಿದೆ? ರಂಗನಾಥ ಗಾಡಿಯನ್ನು ಭದ್ರಾ ನಾಲೆಯ ಏರಿಯ ಮೇಲೆ ನಿಲ್ಲಿಸಿ, ಗಾಜು ಏರಿಸಿ, ಹೆಂಡತಿಯನ್ನು ಒಳಗೆ ಕೂರಿಸಿದ. ತಾನು ದೂರ ಹೋಗಿ ನೀರಿನ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತ. ಆ ಕಡೆಯಿಂದ ಯಾರಾದರೂ ಬಂದರೆ ಎದ್ದು ಹೋಗಿ ಮಾತಿಗೆ ಹಿಡಿಯುತ್ತಿದ್ದ.

ಮೊದಲ ದಿನ ನೇತ್ರಾವತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನೇತ್ರಾವತಿಯವರೇ," ಎಂದಿತು ಅತ್ತಲಿನ ದನಿ, "ನಿಮ್ಮ ಓಲೆ ತುಂಬಾ ಚೆನ್ನಾಗಿದೆ. ಮುಖಾನೂ ಸ್ವಲ್ಪ ತೋರಿಸ್ತೀರಾ?"

ನೇತ್ರಾವತಿ ಫೋನನ್ನು ಎದುರಿಗೆ ಹಿಡಿದು ನೋಡಿದಳು. ಮಗಳಿಗಿಂತ ಸ್ವಲ್ಪವೇ ದೊಡ್ಡವಳಂತೆ ಕಾಣುವ ಹುಡುಗಿ, ಹಿಂದೆ ಬರಿಯ ಬಿಳಿ ಗೋಡೆ. ಲೋಟದ ಕತೆಯನ್ನು ಹೇಗೆ ಶುರುಮಾಡುವುದೆಂದು ಅವಳು ಲೆಕ್ಕ ಹಾಕುತ್ತಿರುವಾಗ ಕಲ್ಪನಾ, "ಬೆಳಿಗ್ಗೆಯಿಂದ ಏನೇನು ಮಾಡಿದ್ರಿ, ಅದನ್ನ ಹೇಳಿ ಸಾಕು" ಎಂದಳು. ನೇತ್ರಾವತಿ ಹೇಳಿದಳು. ಅಂಗಳ, ನೀರು, ಹಿಟ್ಟು, ಒಲೆ, ರೊಟ್ಟಿ.

"ಊಟ ಯಾವಾಗ ಮಾಡಿದ್ರಿ?"

ಮಾಡಿದ್ದೆನೋ ಇಲ್ಲವೋ ಅವಳಿಗೆ ನೆನಪಾಗಲಿಲ್ಲ. ಆ ಪ್ರಶ್ನೆಯನ್ನು ತನಗೆ ಇದುವರೆಗೆ ಯಾರೂ ಕೇಳಿರಲಿಲ್ಲ ಎಂಬುದು ಮಾತ್ರ ನೆನಪಾಯಿತು.

ಗುರುವಾರಗಳು ಅಂಜಮ್ಮನ ಕಣ್ಣಿಗೆ ಬಿದ್ದವು. "ಗಂಡನ್ನ ಬಿಸಿಲಿಗೆ ಹಾಕಿ ಗಾಡಿಯೊಳಗೆ ಕೂತು ಯಾರ ಜೊತೆ ಮಾತಾಡ್ತೀಯೇ?"

"ಮೈಸೂರಿನ ಮೇಡಂ, ಅಕ್ಕ."

"ಏನು ಔಷಧಿ ಕೊಡ್ತಾಳೆ?"

"ಔಷಧಿ ಇಲ್ಲ. ದುಡ್ಡು ತಗಂಡು ನಾನು ಹೇಳಿದ್ದನ್ನ ಕೇಳ್ತಾರೆ."

"ಕೇಳಾಕೆ ದುಡ್ಡಾ! ಅಯ್ಯೋ, ನಾನು ಪುಕ್ಕಟೆ ಕೇಳ್ತಿದ್ನಲ್ಲೇ!"

"ನೀನು ಕೇಳಿದ್ದನ್ನ ಓಣಿಗೆಲ್ಲಾ ಹಂಚ್ತೀಯಲ್ಲಕ್ಕ. ಅವರು ಹಂಚಲ್ಲ."

ಲೋಟದ ವಿಷಯ ಹೇಳಿದ ದಿನ ನೇತ್ರಾವತಿ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಕಲ್ಪನಾ ನಗಲಿಲ್ಲ. "ಅದು ಇದೆಯೋ ಇಲ್ಲವೋ ಅಂತ ನಾನು ಹೇಳೋಕಾಗಲ್ಲ. ಆ ಸದ್ದು ಬಂದಾಗ ನಿಮ್ಮ ಮೈ ಏನು ಮಾಡುತ್ತೆ?"

"ಏಳ್ತೈತೆ ಮೇಡಂ. ನನ್ನ ಕೇಳಲ್ಲ."

ಇನ್ನೊಂದು ವಾರ ಕಲ್ಪನಾ, ಅತ್ತೆ ಇದ್ದ ಆ ಮನೆಯ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತು ಬರಲಾದೀತೇ ಎಂದು ಕೇಳಿದಳು. ನೇತ್ರಾವತಿ ಗಾಬರಿಯಾಗಿ ಮುಳ್ಳಿನ ಪದ್ಧತಿಯನ್ನೂ ತಾನು ಓಗೊಟ್ಟದ್ದನ್ನೂ ಹೇಳಿದಳು. ಹುಡುಗಿ, "ಇದು ನನಗೆ ಗೊತ್ತಿರಲಿಲ್ಲ. ಹೋಗೋದು ಬೇಡ. ತಪ್ಪು ಹೇಳಿದೆ" ಎಂದಳು. ಸಲಹೆ ಕೊಟ್ಟವರು ಅದನ್ನು ಹಿಂದಕ್ಕೆ ತೆಗೆದುಕೊಂಡದ್ದು ನೇತ್ರಾವತಿಗೆ ಹೊಸದು. ಅಂದಿನಿಂದ ಅವಳಿಗೆ ಹುಡುಗಿಯ ಮೇಲೆ ಒಂದು ಬಗೆಯ ಜವಾಬ್ದಾರಿ ಹುಟ್ಟಿತು.

"ಮುಂದಿನ ವಾರ ಬುತ್ತಿ ತನ್ನಿ," ಎಂದಳು ಕಲ್ಪನಾ. "ನಾನೂ ನನ್ನ ಡಬ್ಬಿ ತರ್ತೀನಿ. ಇಬ್ಬರೂ ಕೂತು ಉಣ್ಣೋಣ. ಮಾತು ಬೇಡ."

ಆ ಗುರುವಾರ ನಾಲೆ ತುಂಬಿ ಹರಿಯುತ್ತಿತ್ತು. ನೇತ್ರಾವತಿ ಫೋನನ್ನು ಸ್ಟಿಯರಿಂಗಿಗೆ ಆನಿಸಿಟ್ಟು ಬಟ್ಟೆಯ ಗಂಟು ಬಿಚ್ಚಿದಳು. ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ, ಬದನೆಕಾಯಿ ಪಲ್ಯ. ಹುಡುಗಿಯದು ಮೊಸರನ್ನ. ಇಷ್ಟೇನಾ ಇದರ ಊಟ ಎಂದು ನೇತ್ರಾವತಿಗೆ ಮರುಕವಾಯಿತು. ಇಬ್ಬರೂ ಉಣ್ಣತೊಡಗಿದರು. ಒಂದು ತುತ್ತು, ಎರಡು ತುತ್ತು. ಒಂದು ರೊಟ್ಟಿ ಮುಗಿಯುತ್ತಾ ಬಂತು. ಗಾಡಿಯೊಳಗೆ, ಅವಳ ಬೆನ್ನ ಹಿಂದೆಯೇ ಎಂಬಂತೆ, ಟಣ್, ಟಣ್.

ಮೈ ಎದ್ದಿತು. ತಲೆ ಗಾಡಿಯ ತಗಡಿಗೆ ಬಡಿದು ಮತ್ತೆ ಕೂತಳು. ಗಾಡಿಯಲ್ಲಿ ಏಳುವುದಕ್ಕೆ ಜಾಗವಿರಲಿಲ್ಲ.

ಫೋನಿನಲ್ಲಿ ಕಲ್ಪನಾಳ ಚಮಚ ಗಾಳಿಯಲ್ಲಿ ನಿಂತಿತ್ತು. "ಏನದು ಸದ್ದು? ಅವರು ಗಾಜು ತಟ್ಟಿದ್ರಾ?"

ನೇತ್ರಾವತಿ ಏರಿಯ ಕಡೆ ನೋಡಿದಳು. ರಂಗನಾಥ ಬಹಳ ದೂರದಲ್ಲಿ, ಬೆನ್ನು ಮಾಡಿ, ನೀರು ನೋಡುತ್ತಾ ಕೂತಿದ್ದ. ಗಾಡಿಯ ಹತ್ತಿರ ಒಂದು ನಾಯಿಯೂ ಇರಲಿಲ್ಲ.

ಹುಡುಗಿಯ ಹಿಂದಿನ ಬಿಳಿ ಗೋಡೆ ಅವಳ ಕಣ್ಣಿಗೆ ಬಿತ್ತು. ಆ ಗೋಡೆಯ ಮನೆಯಲ್ಲಿ ತಾನು ಒಬ್ಬಳೇ ಇರುವುದೆಂದು ಹುಡುಗಿ ಯಾವಾಗಲೋ ಹೇಳಿದ್ದಳು. ಇಂದು ಸಂಜೆಯೂ ಅವಳು ಅಲ್ಲಿ ಒಬ್ಬಳೇ ಇರಬೇಕು.

"ಹೂಂ ಮೇಡಂ, ನಮ್ಮನೆಯವ್ರು. ಉಂಡು ಆತಾ ಅಂತ ಕೇಳಾಕೆ ತಟ್ಟಿದ್ರು."

"ಓ, ಸರಿ." ಚಮಚ ಡಬ್ಬಿಗೆ ಇಳಿಯಿತು.

ಅದು ಅವಳು ಕಲ್ಪನಾಳಿಗೆ ಹೇಳಿದ ಒಂದೇ ಸುಳ್ಳು. ಹುಡುಗಿಗೆ ಅನುಮಾನ ಬರಬಾರದೆಂದು ಎರಡನೇ ರೊಟ್ಟಿಯನ್ನೂ ಪೂರಾ ತಿಂದಳು.

ಶ್ರಾವಣ ಬಂತು, ಆರು ತಿಂಗಳು ತುಂಬಿತು. ಅಂಜಮ್ಮನ ಮಗಳು ಬಾಣಂತನಕ್ಕೆ ಬರುವವಳಿದ್ದಳು, ಮನೆ ಖಾಲಿ ಮಾಡಲೇಬೇಕು. ಹಾಲೇಶಪ್ಪ ದಿನ ಗೊತ್ತುಮಾಡಿದ. ಜೊತೆಗೆ ಒಂದು ಕಟ್ಟಳೆಯನ್ನೂ ತಂದ. "ಎಲ್ಲಾರು ಒಳಗೆ ಹೋಗ್ರಿ, ಹಾಲು ಉಕ್ಕಿಸಿ, ಉಣ್ಣಿರಿ. ನೇತ್ರಾವತಿ ಮಾತ್ರ ಅವತ್ತು ಆ ಮನೆಯಾಗೆ ಬಾಯಿ ಬಿಡಬಾರದು, ಅನ್ನ ಮುಟ್ಟಬಾರದು. ದನಿ ಕೇಳಿದ್ರೆ ಗಿಡ್ಡಮ್ಮಗೆ ಗುರುತು ಹತ್ತುತೈತೆ. ಆಗಲ್ಲ ಅಂದ್ರೆ ತವರಿಗೆ ಹೋಗಿ ಇರಲಿ, ಮುಂದಿನ ವರ್ಷ ನೋಡಾನ."

"ಅವಳಿಲ್ಲದ ಮನೆಗೆ ನಾನ್ಯಾಕೆ ಹೋಗ್ಲಿ ದೊಡ್ಡಪ್ಪಾ?" ರಂಗನಾಥನ ದನಿ ಏರಿತು. "ಎರಡು ವರ್ಷ ನಮ್ಮವ್ವನ ಉಚ್ಚೆ ಬಳಿದೋಳು ಅವಳು. ನೀವು ಒಂದಿನ ಬಂದು ಮಗ್ಗುಲು ತಿರುವಿದ್ರಾ?"

"ನಾನು ನಿನ್ನ ಹೆಂಡ್ತಿ ಜೀವಕ್ಕೇ ಹೇಳಿದ್ದಲೇ!"

ನೇತ್ರಾವತಿ ಇಬ್ಬರಿಗೂ ಚಹಾ ಇಟ್ಟು ಒಳಗೆ ಹೋದಳು. ತವರಿಗೆ ಹೋಗುವುದೇ ಒಳ್ಳೆಯದೆಂದು ಅವಳಿಗೆ ಅನ್ನಿಸಿತ್ತು. ಮನೆಯೊಳಗೆ ಬಾಯಿ ಮುಚ್ಚಿಕೊಂಡು ಇರಬಲ್ಲೆನೆಂಬ ನಂಬಿಕೆ ಅವಳಿಗಿರಲಿಲ್ಲ. ತವರಲ್ಲೂ ಅದು ಬಂದರೆ ಎಲ್ಲಿಗೆ ಹೋಗುವುದು?

ಮನೆ ಸೇರುವ ಮುಂಚಿನ ಕೊನೆಯ ಗುರುವಾರ ಅವಳು ಎಲ್ಲವನ್ನೂ ಕಲ್ಪನಾಳ ಮುಂದೆ ಇಟ್ಟಳು. "ಹೋಗಲೋ ಬ್ಯಾಡೋ, ನೀವೇ ಹೇಳ್ರಿ ಮೇಡಂ."

"ಅದನ್ನ ನಾನು ಹೇಳಿದ್ರೆ ಹೇಳೋರ ಸಾಲಿಗೆ ನಾನೂ ಒಬ್ಬಳು ಸೇರ್ಕೊಂಡ ಹಾಗಾಗುತ್ತೆ," ಎಂದಳು ಹುಡುಗಿ. "ಒಂದು ಕೇಳ್ತೀನಿ. ನೀವು ಉಣ್ಣೋಕೆ ಕೂತಿದ್ದೀರಿ, ಅತ್ತೆ ಕುಟ್ಟಿದ್ರು. ಯಾವ ಭಯಾನೂ ಇಲ್ಲ, ಏನು ಬೇಕಾದ್ರೂ ಹೇಳಬಹುದು. ಏನು ಹೇಳ್ತೀರಿ?"

ನೇತ್ರಾವತಿ ಗಾಡಿಯ ಗಾಜಿನಾಚೆ ನೋಡಿದಳು. ಆಮೇಲೆ ಹೇಳಿದಳು.

"ಅದನ್ನ ಅವರು ಬದುಕಿದ್ದಾಗ ಯಾವತ್ತಾದ್ರೂ ಹೇಳಿದ್ರಾ?" ಎಂದು ಕೇಳಿದಳು ಕಲ್ಪನಾ.

"ಎಲ್ಲಾದ್ರೂ ಉಂಟಾ ಮೇಡಂ. ಅತ್ತೆ ಅವರು."

ಗೊತ್ತುಮಾಡಿದ ದಿನ ಬೆಳಿಗ್ಗೆ ಹಾಲೇಶಪ್ಪ ಉದ್ದ ಕೋಲಿನಿಂದ ಮುಳ್ಳನ್ನು ಎಳೆದು ಹಾಕಿದ. ಒಣಗಿದ ಜಾಲಿ ಸರಕ್ಕನೆ ಕೆಳಗೆ ಬಿತ್ತು. ಮೊದಲು ಹಸು, ಹಿಂದೆ ಕರು. ಆಮೇಲೆ ದೀಪ ಹಿಡಿದ ದುರ್ಗಾಂಬಿಕಾ, ರಂಗನಾಥ. ನೇತ್ರಾವತಿ ಹೆಂಚನ್ನು ಸೊಂಟದ ಮೇಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು, ಆರು ತಿಂಗಳ ಹಿಂದೆ ನಿಂತಿದ್ದ ಜಾಗದಲ್ಲೇ. ಹಾಲೇಶಪ್ಪ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅವಳು ತಲೆಯಾಡಿಸಿ ಬಲಗಾಲಿಟ್ಟು ಒಳಗೆ ಹೋದಳು.

ಒಳಗೆ ಮುಚ್ಚಿದ ಗಾಳಿಯ ವಾಸನೆ. ಕೋಣೆಯ ಬಾಗಿಲು ತೆರೆದಿತ್ತು. ಮಂಚದ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಹಾಗೇ ಇತ್ತು. ಹಾಲು ಉಕ್ಕಿತು. ಅವಳು ಮಾತಿಲ್ಲದೆ ಒಲೆ ಹಚ್ಚಿ ರೊಟ್ಟಿ ಬಡಿದಳು. ಒಂದೂ ಕರಕಾಗಲಿಲ್ಲ. ಮನೆ ಕಿವಿಗೊಟ್ಟು ಕೂತಂತೆ ಸುಮ್ಮನಿತ್ತು.

ಮಧ್ಯಾಹ್ನ ಎಲ್ಲರಿಗೂ ನಡುಮನೆಯಲ್ಲಿ ತಟ್ಟೆ ಹಾಕಿದರು. ಬಡಿಸಿ ಮುಗಿಸಿದ ನೇತ್ರಾವತಿ ಇನ್ನೊಂದು ತಟ್ಟೆ ತಂದು, ರಂಗನಾಥನ ಪಕ್ಕದಲ್ಲಿ, ಕೋಣೆಯ ಬಾಗಿಲಿಗೆ ಎದುರಾಗಿ ಇಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು. ಹಾಲೇಶಪ್ಪನ ಕೈ ಪಲ್ಯದಲ್ಲೇ ನಿಂತಿತು. "ಏ, ನೇತ್ರಾವತಿ..." ಎಂದವನು ಈ ಮನೆಯಲ್ಲಿ ಹೆಸರು ಹಿಡಿದು ಕರೆದುಬಿಟ್ಟೆನಲ್ಲಾ ಎಂದು ತಾನೇ ಬಾಯಿ ಮುಚ್ಚಿಕೊಂಡ.

ಅವಳು ರೊಟ್ಟಿ ಮುರಿದಳು. ತುತ್ತು ಎತ್ತಿದಳು.

ಟಣ್, ಟಣ್.

ಅವಳ ಮಂಡಿ ನೆಲದಿಂದ ಎದ್ದಿತು. ಎಡಗೈಯಿಂದ ಅವಳು ಆ ಮಂಡಿಯನ್ನು ಕೆಳಕ್ಕೆ ಒತ್ತಿ ಹಿಡಿದಳು, ಹಟ ಮಾಡುವ ಮಗುವನ್ನು ಕೂರಿಸುವ ಹಾಗೆ. ಮತ್ತೆ ಟಣ್, ಟಣ್. ಈ ಸಲ ಜೋರಾಗಿತ್ತು.

"ಉಣ್ಣಾಕೆ ಕೂತೀನಿ ಅತ್ತೆ," ಎಂದಳು ನೇತ್ರಾವತಿ ಕೋಣೆಯ ಕಡೆಗೆ. ದನಿ ಎತ್ತರಿಸಲಿಲ್ಲ, ತಗ್ಗಿಸಲೂ ಇಲ್ಲ. "ಉಂಡು ಬರ್ತೀನಿ. ಸ್ವಲ್ಪ ತಡೀರಿ."

ಅಂಗಳದಲ್ಲಿ ಕರು ಕಿವಿ ಒದರಿದ್ದು ಕೇಳಿಸಿತು. ಹಾಲೇಶಪ್ಪ ಕಣ್ಣು ಮುಚ್ಚಿದ್ದ. ದುರ್ಗಾಂಬಿಕಾ ಅಮ್ಮನ ಮುಖ ನೋಡುತ್ತಿದ್ದಳು.

ಕೋಣೆಯೊಳಗೆ ಲೋಟ ಒಂದು ಸಲ ಕುಟ್ಟಿತು. ಒಂದೇ ಸಲ.

ಬಾಯಿಗೆ ಹೋಗುತ್ತಿದ್ದ ರಂಗನಾಥನ ಕೈ ನಡುದಾರಿಯಲ್ಲಿ ನಿಂತುಬಿಟ್ಟಿತು. ಅವನು ಕೋಣೆಯ ಕಡೆ ನೋಡಿದ. ಖಾಲಿ ನೆಲ, ನಾಲ್ಕು ಗುರುತು. ಆಮೇಲೆ ಹೆಂಡತಿಯ ಕಡೆ ನಿಧಾನವಾಗಿ ಕತ್ತು ತಿರುಗಿಸಿ, ಪಕ್ಕದವರಿಗೂ ಕೇಳದಂತೆ ಕೇಳಿದ.

"ಏನಂತೆ?"

"ಆಗಲಿ ಅಂತೆ," ಎಂದಳು ನೇತ್ರಾವತಿ. "ನೀವು ಉಣ್ಣಿರಿ." ಅವಳು ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.